ಹೋದಷ್ಟೇ ಬರಬೇಕು

—ಇಲ್ಲ, ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ, ಸುಮ್ಮನೆ ತಲೆಯಾಡಿಸಿದ್ದೆ ಅಷ್ಟೇ, ಎಂದು ಎಷ್ಟೋ ದಿನ ನನ್ನನ್ನು ನಾನೇ ನಂಬಿಸಿಕೊಂಡೆ. ಆಮೇಲೆ, ತಲೆಯಾಡಿಸಿದ್ದೂ ಇಲ್ಲ, ತಕ್ಕಡಿಯ ಕಡೆ ನೋಡುತ್ತಿದ್ದೆ, ಜಯಮ್ಮ ತಾನೇ ಹಾಗೆ ತಿಳಿದುಕೊಂಡಳು ಎಂದೂ ಅಂದುಕೊಂಡೆ. ನೆನಪನ್ನು ನನಗೆ ಬೇಕಾದ ಕಡೆಗೆಲ್ಲ ಬಗ್ಗಿಸಿದ್ದೇನೆ. ಅದರ ಮೇಲೆ ನನಗೀಗ ನಂಬಿಕೆಯಿಲ್ಲ. ಆದರೆ ಎಷ್ಟು ಬಗ್ಗಿಸಿದರೂ ಒಂದು ಮಾತು ಮಾತ್ರ ಅಲ್ಲಾಡದೆ ನಿಂತಿದೆ, ಸಬೀಹಾ. ಜಯಮ್ಮನ ದುಡ್ಡನ್ನು ನೀನು ಮುಟ್ಟಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ನಿನ್ನನ್ನು ಕಳ್ಳಿ ಎಂದುಕೊಳ್ಳಲು ಬಿಟ್ಟೆ.

ನಿನಗೆ ತಿಳಿದಿರುವುದನ್ನೂ ಇಲ್ಲಿ ಮತ್ತೆ ಬರೆಯುತ್ತೇನೆ. ಬೇರೆಯವರೂ ಓದಲಿ ಎಂದು. ನಿನ್ನ ಬಗ್ಗೆ ಮಾತಾಡಿದವರೆಲ್ಲ ಬೇರೆಯವರೇ ಅಲ್ಲವೇ.

ಬೆಳಗೋಡಿನ ಕಾಫಿ ಸ್ಟೋರಿನಲ್ಲಿ ನಾನು ಸ್ಯಾಂಪಲ್ ತೂಗುವವಳು. ಬೆಳೆಗಾರರು ಸಿಪ್ಪೆ ಸಮೇತ ಒಣಗಿಸಿದ ಕಾಫಿಯನ್ನು ಮೂಟೆಯಲ್ಲಿ ತರುತ್ತಾರೆ. ಒಂದು ಹಿಡಿ ತೆಗೆದು ಸಿಪ್ಪೆ ಬಿಡಿಸಿ, ಬೀಜ ಎಷ್ಟು ಉಳಿಯಿತು ಎಂದು ತೂಗಿ, ಐವತ್ತು ಕೆಜಿ ಮೂಟೆಗೆ ಇಪ್ಪತ್ತಾರು ಕೆಜಿ, ಇಪ್ಪತ್ತೇಳು ಕೆಜಿ ಎಂದು ಒಂದು ಸಣ್ಣ ಚೀಟಿಯಲ್ಲಿ ಬರೆದುಕೊಡುವುದು ನನ್ನ ಕೆಲಸ. ಅದಕ್ಕೆ ಔಟ್‌ಟರ್ನ್ ಎನ್ನುತ್ತೇವೆ. ಐವತ್ತು ತಂದವನು ಇಪ್ಪತ್ತಾರಕ್ಕೆ ದುಡ್ಡು ತೆಗೆದುಕೊಂಡು ಹೋಗುತ್ತಾನೆ. ಉಳಿದದ್ದನ್ನು ಯಾರು ತಿಂದರು ಎಂದು ಕೇಳುವುದಿಲ್ಲ. ನನ್ನ ಚೀಟಿಯಲ್ಲಿ ತಪ್ಪು ಬರುವುದಿಲ್ಲ ಎಂಬ ಮಾತು ಆಲೂರಿನವರೆಗೂ ಇತ್ತು. ಆ ಮಾತಿನ ಮೇಲೆ ನನಗೆ ಎಷ್ಟು ಆಸೆ ಇತ್ತು ಎಂಬುದು ಆಗ ನನಗೇ ತಿಳಿದಿರಲಿಲ್ಲ.

ಜಯಮ್ಮ ಅದೇ ಸ್ಟೋರಿನ ಕಣದಲ್ಲಿ ಕಾಫಿ ಹರವುವವಳು. ಅರವತ್ತು ದಾಟಿತ್ತು. ಕಾಫಿ ಎಳೆದು ಹರವುವ ಮರದ ಹಲುಬೆ ಹಿಡಿದು ಕಣದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು, ನಿದ್ದೆಯಲ್ಲಿ ನಡೆಯುವವಳ ಹಾಗೆ, ಗೆರೆ ಮಾತ್ರ ದಾರ ಹಿಡಿದಷ್ಟು ನೇರ. ನೀನು ಶನಿವಾರ ಶನಿವಾರ ನಿನ್ನ ಯಜಮಾನರ ಪಿಕಪ್‌ನಲ್ಲಿ ಸಕಲೇಶಪುರದಿಂದ, ಮೂಟೆ ಸಾಗಿಸಿದ ಬಾಡಿಗೆಯ ಲೆಕ್ಕಕ್ಕೆ ಬರುತ್ತಿದ್ದೆ. ಮೂರು ಗಂಟೆಗೆ ನಾವು ಮೂವರು ಗೋಡೆಯ ನೆರಳಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ನಿನಗೆ ಕೂರಲು ಜಯಮ್ಮ ತನ್ನ ಬುಟ್ಟಿಯನ್ನು ಬೋರಲು ಹಾಕುತ್ತಿದ್ದಳು. ಬೇರೆ ಯಾರಾದರೂ ಅದರ ಮೇಲೆ ಕೂತರೆ ಎಬ್ಬಿಸಿಬಿಡುತ್ತಿದ್ದಳು.

ಹಾಡುವ ಪೆಟ್ಟಿಗೆಯ ಮಾತು ಮೊದಲು ಯಾವತ್ತು ಬಂತೋ ತಿಳಿಯದು. ಅವಳು ಅದನ್ನು ಹಲವು ಸಲ ಹೇಳಿದ್ದಳು, ಪ್ರತಿ ಸಲವೂ ಸ್ವಲ್ಪ ಬೇರೆ. ಹೊಂಗಡಹಳ್ಳದ ಆಚೆ, ಬಿಸಿಲೆ ದಾರಿಯ ಒಂದು ಎಸ್ಟೇಟ್ ಬಂಗಲೆಯಲ್ಲಿ ಅವಳ ಅವ್ವ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅಲ್ಲಿಯ ಅಮ್ಮಾವ್ರ ಹತ್ತಿರ ಅಂಗೈಯಗಲದ ಮರದ ಪೆಟ್ಟಿಗೆ. ಕೀಲಿ ಕೊಟ್ಟು ಮುಚ್ಚಳ ತೆಗೆದರೆ ಸಣ್ಣ ಸಣ್ಣ ಗಂಟೆ ಹೊಡೆದ ಹಾಗೆ ಒಂದು ಹಾಡು. ಅಮ್ಮಾವ್ರ ಮಗು ಮಂಚದ ಮೇಲೆ, ಜಯಮ್ಮ ಮಂಚದ ಕೆಳಗೆ. ಇಬ್ಬರಿಗೂ ಅದೇ ಹಾಡಿಗೆ ನಿದ್ದೆ. ಒಮ್ಮೊಮ್ಮೆ ಪೆಟ್ಟಿಗೆಯ ಮೇಲೆ ಹಕ್ಕಿ ಇರುತ್ತಿತ್ತು, ಒಮ್ಮೊಮ್ಮೆ ಇರುತ್ತಿರಲಿಲ್ಲ. ಹಾಡು ಮಾತ್ರ ಅದೇ. ಎಂಟು ಮೆಟ್ಟಿಲು ಹತ್ತಿ ಮೂರು ಇಳಿದು ನಿಂತುಬಿಡುವಂಥದ್ದು. ಹಾಗೆ ಗುನುಗಿ ತೋರಿಸುತ್ತಿದ್ದಳು. ನಿಂತ ಮೇಲೆ ಮುಂದೇನು ಎಂದರೆ, "ಅಷ್ಟೊತ್ತಿಗೆ ನಿದ್ದೆ ಬಂದ್ಬುಡ್ತಿತ್ತು ಕಣವ್ವ" ಎನ್ನುತ್ತಿದ್ದಳು.

ನೀನು ನಿನ್ನ ಫೋನಿನಲ್ಲಿ ಹುಡುಕಿದೆ. ಎಷ್ಟು ಶನಿವಾರ ಎಂದು ಹೇಳಲಾರೆ. ಒಂದೊಂದು ಪೆಟ್ಟಿಗೆಯ ಹಾಡು ಕೇಳಿಸುವುದು, ಜಯಮ್ಮ ಕಣ್ಣು ಮುಚ್ಚಿ ಕೇಳಿ "ಇದಲ್ಲ" ಎನ್ನುವುದು. ಕೊನೆಗೆ ಒಂದಕ್ಕೆ ಅವಳು ಹಾಗೇ ಕೂತಳು. ಕಣ್ಣು ತೆರೆಯಲಿಲ್ಲ. "ಇದೇ ಕಣೇ" ಎಂದಳು.

ಹೊರದೇಶದ ಅಂಗಡಿ. ಸುಂಕ, ಸಾಗಣೆ ಎಲ್ಲ ಸೇರಿ ನೂರು ಡಾಲರ್. ಜಯಮ್ಮನ ಮನೆ ಹಿಂದೆ ಹಲಸಿನ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇತ್ತು. ಆ ವರ್ಷದ ಮೆಣಸು ಮಾರಿದ ದುಡ್ಡು ಅವಳ ಹತ್ತಿರ ಇತ್ತು. ಹೊರದೇಶಕ್ಕೆ ದುಡ್ಡು ಕಟ್ಟುವ ಕಾರ್ಡು ನಮ್ಮಲ್ಲಿ ನಿನ್ನ ಬಳಿ ಮಾತ್ರ.

"ನಿನ್ ಕಾರ್ಡಿಗೆ ಅಷ್ಟು ದೂರದ ದಾರಿ ಗೊತ್ತೈತೇನೇ?" ಎಂದಳು ಜಯಮ್ಮ.

"ನಮ್ ಯಜಮಾನ್ರಿಗೆ ಹಾಸನ ದಾಟಿದ್ರೆ ದಾರಿ ತಪ್ತದೆ. ಕಾರ್ಡಿಗೆ ಗೊತ್ತೈತೆ ಬಿಡು" ಎಂದೆ ನೀನು.

ನಿನ್ನ ಕನ್ನಡಕ ಪಿಕಪ್‌ನಲ್ಲಿ ಉಳಿದಿತ್ತು — ಅಥವಾ ನಾನೇ "ತಾ ಇಲ್ಲಿ, ಲೆಕ್ಕದ ಕೆಲಸ ನನಗೆ ಬಿಡು" ಎಂದು ಫೋನು ಕಸಿದುಕೊಂಡೆನೋ. ಎರಡನೆಯದೇ ಇರಬೇಕು. ನೀನು ನನ್ನ ಹಿಂದೆ ನಿಂತು, ಕಾರ್ಡನ್ನು ದೂರ ಹಿಡಿದು ನಂಬರು ಓದಿದೆ, ನಾನು ಒತ್ತುತ್ತ ಹೋದೆ. ಕೊನೆಯಲ್ಲಿ ಪುಟದ ಮೇಲೆ ಎರಡು ಚೌಕ ಬಂದವು. ಡಾಲರಿನಲ್ಲಿ ಕಟ್ಟುತ್ತೀರಾ, ರೂಪಾಯಿಯಲ್ಲಿ ಕಟ್ಟುತ್ತೀರಾ. ರೂಪಾಯಿ ಎಂದರೆ ನಮ್ಮದು, ಕಣ್ಣಿಗೆ ಕಾಣುವಂಥದ್ದು. ಡಾಲರ್ ಎಂದು ಒತ್ತಿದರೆ ಯಾವ ರೇಟು ಹಾಕುತ್ತಾರೋ. ಯಾರನ್ನೂ ಕೇಳದೆ ರೂಪಾಯಿ ಒತ್ತಿದೆ.

ಆ ಚೌಕದ ಕೆಳಗೆ ಸಣ್ಣ ಅಕ್ಷರವಿತ್ತು. ರೂಪಾಯಿ ಎಂದರೆ ಅಂಗಡಿಯವರದೇ ರೇಟು, ಡಾಲರಿಗೆ ಎಂಬತ್ತೇಳು. ಆ ದಿನ ಬ್ಯಾಂಕಿನಲ್ಲಿ ಎಂಬತ್ತೆರಡು ಇತ್ತು. ಆ ಸಣ್ಣ ಅಕ್ಷರ ಅವತ್ತೇ ಓದಿದ್ದೆನೋ, ಆಮೇಲೆ ತಿಳಿದದ್ದನ್ನು ಅವತ್ತೇ ಓದಿದ್ದೆ ಎಂದು ಈಗ ಅನ್ನಿಸುತ್ತಿದೆಯೋ. ಸಣ್ಣ ಅಕ್ಷರ ಓದುವುದೇ ನನ್ನ ಕಸುಬು. ಓದಿರಲಿಲ್ಲ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ಎಂಟು ಸಾವಿರದ ಏಳುನೂರು ಹೋಯಿತು. ರೂಪಾಯಿಯಲ್ಲಿ ಕಟ್ಟಿದರೂ ಅಂಗಡಿ ಹೊರದೇಶದ್ದೆಂದು ಬ್ಯಾಂಕು ಅದರ ಮೇಲೆ ಮುನ್ನೂರ ಅರವತ್ತು ಹಿಡಿಯಿತು. ಒಟ್ಟು ಒಂಬತ್ತು ಸಾವಿರದ ಅರವತ್ತು. ಜಯಮ್ಮ ಸೆರಗಿನ ಗಂಟು ಬಿಚ್ಚಿ ಅಷ್ಟನ್ನೂ ನಿನ್ನ ಕೈಗಿಟ್ಟಳು.

ಪೆಟ್ಟಿಗೆ ಬಂದದ್ದು ಹೂವಿನ ಕಾಲದಲ್ಲಿ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಯಾಕೆಂದರೆ ಅದನ್ನು ನೆನೆದರೆ ಮೊದಲು ಮೂಗಿಗೆ ಬರುವುದು ಕಾಫಿ ಹೂವಿನ ವಾಸನೆ. ಸುತ್ತಲಿನ ಗುಡ್ಡವೆಲ್ಲ ಬೆಳ್ಳಗೆ. ಗಾಳಿಯೇ ದಪ್ಪವಾಗಿ, ಸಿಹಿಯಾಗಿ, ಮಾತಾಡಿದರೆ ಮಾತು ಕೂಡ ನಿಧಾನವಾಗಿ ತಲುಪುವಂಥ ಮಧ್ಯಾಹ್ನ. ಕಣ ಖಾಲಿ ಇತ್ತು. ನೀನು ರಟ್ಟಿನ ಪೊಟ್ಟಣ ಬಿಚ್ಚಿ ಪೆಟ್ಟಿಗೆಯನ್ನು ಕಣದ ನಡುವೆ ನೆಲದ ಮೇಲಿಟ್ಟೆ. ಜಯಮ್ಮ ಕೀಲಿ ಕೊಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ಮುಚ್ಚಳ ತೆಗೆದಳು.

ಹಾಡಿತು. ಮೇಲೆ ಹತ್ತಿತು, ಇಳಿಯಿತು. ನಿಲ್ಲಲಿಲ್ಲ, ಮುಂದೆ ಹೋಯಿತು. ಜಯಮ್ಮ ಕೊನೆಯವರೆಗೂ ಕೇಳಿದಳು. ಕೀಲಿ ಮುಗಿಯುವಾಗ ಸ್ವರಗಳು ದೂರ ದೂರವಾಗಿ, ಕೊನೆಯದೊಂದು ಬರುತ್ತದೋ ಇಲ್ಲವೋ ಎಂಬ ಹಾಗೆ ತೂಗಿ, ಬಂತು.

"ಇದಲ್ಲ" ಎಂದಳು.

"ಅದೇ ಕಣಮ್ಮ. ಫೋನಲ್ಲಿ ಕೇಳಿದ್ದೂ ಇದೇನೇ" ಎಂದೆ ನೀನು.

"ನನ್ ಕಿವಿ ನಂಗೆ ಹೇಳಲ್ವಾ? ಇದು ಬ್ಯಾರೆ. ಇದ್ರಲ್ಲಿ ನಿದ್ದೆ ಇಲ್ಲ."

ನೀನು ನಕ್ಕೆ. ಅವಳು ನಗಲಿಲ್ಲ. ವಾಪಸ್ ಕಳಿಸಬಹುದು ಎಂದಿತ್ತು. ಅಂಗಡಿಯವರು ಕಳಿಸಿದ ಚೀಟಿ ಅಂಟಿಸಿ ಕೊಟ್ಟರೆ ಸಾಗಣೆ ಖರ್ಚೂ ಅವರದೇ. ಕಳಿಸಿದೆವು. ಹೂವು ಕಂದಿ ಗಿಡಕ್ಕೆ ಅಂಟಿಕೊಂಡಿತ್ತು, ಉದುರಿತು, ಮೊಗ್ಗಿನಷ್ಟು ಕಾಯಿ ಕಟ್ಟಿತು. ಒಂದು ಶನಿವಾರ ನೀನು ಎಂಟು ಸಾವಿರ ರೂಪಾಯಿ ತಂದು ಜಯಮ್ಮನಿಗೆ ಕೊಟ್ಟೆ. ನನ್ನನ್ನು ತಕ್ಕಡಿಯ ಹತ್ತಿರ ಕರೆದು ಫೋನು ತೋರಿಸಿದೆ.

"ನೋಡಿ ಸುನಂದಕ್ಕ, ಬಂದಿರೋದೇ ಇಷ್ಟು. ಸಾವಿರದ ಅರವತ್ತು ಕಮ್ಮಿ. ಯಾಕೆ ಅಂತ ನಂಗೂ ತಿಳೀತಿಲ್ಲ. ನೀವು ನೋಡಿ, ಜಯಮ್ಮಂಗೆ ಒಂದ್ ಮಾತು ಹೇಳಿ. ನಾನ್ ಹೇಳಿದ್ರೆ ಚೆನ್ನಾಗಿರಲ್ಲ."

"ನೋಡ್ತೀನಿ" ಎಂದೆ.

ನೋಡಿದೆ. ಅದೇ ಸಂಜೆ ಸ್ಟೋರಿನ ಬಾಗಿಲು ಹಾಕುವ ಮೊದಲು ನೋಡಿದೆ. ಒಂದು ಔಟ್‌ಟರ್ನ್ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಅಂಗಡಿಯವರು ವಾಪಸ್ ಕಳಿಸಿದ್ದು ನೂರು ಡಾಲರ್. ಒಂದು ಡಾಲರೂ ಕಡಿಮೆಯಿಲ್ಲ. ಬ್ಯಾಂಕು ಅದನ್ನು ಆ ದಿನದ ರೇಟಿಗೆ, ಅದೂ ತಾನು ಡಾಲರ್ ಕೊಳ್ಳುವಾಗಿನ ಕಮ್ಮಿ ರೇಟಿಗೆ, ಎಂಬತ್ತರಂತೆ ರೂಪಾಯಿ ಮಾಡಿತ್ತು. ಹೋಗುವಾಗ ಎಂಬತ್ತೇಳು, ಬರುವಾಗ ಎಂಬತ್ತು. ಬ್ಯಾಂಕು ಹಿಡಿದ ಮುನ್ನೂರ ಅರವತ್ತು ಅದರ ಹತ್ತಿರವೇ ಉಳಿಯಿತು. ಏಳುನೂರು ಮತ್ತು ಮುನ್ನೂರ ಅರವತ್ತು, ಸಾವಿರದ ಅರವತ್ತು. ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ನಾನು ಡಾಲರ್ ಎಂದು ಒತ್ತಿದ್ದರೆ ಆಗಲೂ ಕಮ್ಮಿಯೇ ಬರುತ್ತಿತ್ತು, ಆದರೆ ಸುಮಾರು ಅರ್ಧದಷ್ಟು. ಉಳಿದ ಅರ್ಧ ನನ್ನ ಬೆರಳಿನದು.

ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ತಾರೀಖಿಲ್ಲ. ಅಕ್ಷರ ನನ್ನದೇ. ಈ ಬರಹದಲ್ಲಿ ನಾನು ನಿಜ ಎಂದು ಕೈಮೇಲೆತ್ತಿ ಹೇಳಬಹುದಾದದ್ದು ಅದೊಂದೇ. ಮಿಕ್ಕಿದ್ದರಲ್ಲಿ ಹೂವಿನ ವಾಸನೆಯಿದೆ, ನನ್ನ ಸಂಕಟವಿದೆ, ಎಷ್ಟೋ ಸಲ ಹೇಳಿಕೊಂಡು ಸವೆದ ಮಾತಿದೆ.

ಮಾರನೆಯ ಶನಿವಾರ ನೀನು ಕೇಳಿದೆ, "ಗೊತ್ತಾಯ್ತಾ ಅಕ್ಕ?"

"ಇಲ್ಲ, ಏನೋ ಬ್ಯಾಂಕಿನದು" ಎಂದೆ. ಚೀಟಿ ಆಗ ನನ್ನ ಮೇಜಿನ ಡ್ರಾಯರ್‌ನಲ್ಲೇ ಇತ್ತು, ನಿನ್ನಿಂದ ಒಂದು ಮೊಳ ದೂರ.

ನೀನು ಹೋದ ಮೇಲೆ ಜಯಮ್ಮ ಒಳಗೆ ಬಂದಳು. ಕಣದವರು ಸಾಮಾನ್ಯವಾಗಿ ನನ್ನ ಮೇಜಿನವರೆಗೆ ಬರುವುದಿಲ್ಲ. ಹಲುಬೆಯನ್ನು ಬಾಗಿಲಿಗೆ ಒರಗಿಸಿ ಬಂದಳು. ಅವಳು ಅವತ್ತು ಹೇಳಿದ ಮಾತು ಇದೇ, ಇದರಲ್ಲಿ ಅಕ್ಷರ ಹೆಚ್ಚು ಕಡಿಮೆ ಇರಬಹುದು.

"ಸುನಂದಾ, ನೀನು ಲೆಕ್ಕದೋಳು. ನಂಗೆ ಇಂಗ್ಲೀಷ್ ಬರಲ್ಲ, ಫೋನ್ ಬರಲ್ಲ. ವಸ್ತು ವಾಪಸ್ ಹೋಯ್ತು. ದುಡ್ಡು ಹೋದಷ್ಟೇ ಬರಬೇಕು ತಾನೆ?"

"ಬರಬೇಕು" ಎಂದೆ.

ಒಂದೇ ಮಾತು. ಅದರ ಹಿಂದೆ ಇನ್ನೊಂದು ವಾಕ್ಯ ಇತ್ತು, ಬಾಯಿಯವರೆಗೆ ಬಂದಿತ್ತು — ಬರಬೇಕು, ಆದರೆ ಬರುವುದಿಲ್ಲ, ಯಾಕೆಂದರೆ. ಆ 'ಯಾಕೆಂದರೆ' ಎಂಬಲ್ಲಿ ನನ್ನ ಬೆರಳು ಇತ್ತು. ಲೆಕ್ಕದಲ್ಲಿ ಎಂದೂ ತಪ್ಪದ ಸುನಂದ, ಒಂದು ಚೌಕದಲ್ಲಿ ತಪ್ಪಿದಳು ಎಂಬುದಿತ್ತು. ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ. ಜಯಮ್ಮ "ಹಂಗಾ" ಎಂದಳು. ಹಲುಬೆ ಎತ್ತಿಕೊಂಡು ಹೋದಳು.

ಅವಳು ನಿನ್ನ ಹತ್ತಿರ ಜಗಳವಾಡಲಿಲ್ಲ. ಮುಂದಿನ ಶನಿವಾರ ಬುಟ್ಟಿ ಬೋರಲಾಗಿರಲಿಲ್ಲ. ಅದರ ತುಂಬ ಕಾಫಿ ತುಂಬಿ ತನ್ನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ನೀನು ಒಂದು ಗಳಿಗೆ ಬುಟ್ಟಿ ನೋಡಿದೆ. ನಿಂತುಕೊಂಡೇ ಕಾಫಿ ಕುಡಿದೆ. ಬಿಸಿಲು ಜಾಸ್ತಿ ಎಂದೋ ಏನೋ ಹೇಳಿದೆ. ಹೊರಗೆ ಕಣದಲ್ಲಿ ಹೆಂಗಸರ ಮಾತು ಆಗಲೇ ಬೇರೆಯಾಗಿತ್ತು. "ಪಿಕಪ್ ಇಟ್ಕೊಂಡೋರಿಗೆ ಕಣದೋರ ಸಾವಿರ ರೂಪಾಯಿ ಬೇಕಾಗಿತ್ತಾ" ಎಂದು ಯಾರೋ ಅಂದದ್ದು ನನಗೆ ಕೇಳಿಸಿತು, ನಿನಗೂ ಕೇಳಿಸಿರಬೇಕು. ಮುಂದಿನ ಕೊಯ್ಲಿನಲ್ಲಿ ಸ್ಟೋರಿನ ಬಾಡಿಗೆ ಬೇರೆ ಗಾಡಿಗೆ ಹೋಯಿತು. ಈ ಮಾತಿನಿಂದಲೇ ಹೋಯಿತು ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಅದಕ್ಕೂ ಮೊದಲು ಲಕೋಟೆ ಬಂತು. ಕೊನೆಯ ಸಲ ನೀನು ಸ್ಟೋರಿಗೆ ಬಂದ ದಿನ. ಪಿಕಪ್‌ನಿಂದ ಇಳಿಯಲಿಲ್ಲ, ನನ್ನನ್ನೇ ಕರೆದೆ.

"ಅಕ್ಕ, ಇದ್ರಲ್ಲಿ ಸಾವಿರದ ಅರವತ್ತೈತೆ. ಜಯಮ್ಮಂಗೆ ಕೊಟ್ಬಿಡಿ. ಬ್ಯಾಂಕ್ನೋರು ತಡವಾಗಿ ಹಾಕಿದ್ರು ಅನ್ನಿ."

ಬ್ಯಾಂಕಿನವರು ಏನೂ ಹಾಕಿಲ್ಲ ಎಂದು ನಿನಗೂ ಗೊತ್ತಿತ್ತು. ಹಾಕುವುದೂ ಇಲ್ಲ ಎಂದು ಈ ಭೂಮಿಯ ಮೇಲೆ ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. ಅದು ನಿನ್ನ ಕೈಯಿಂದ ಹಾಕಿದ ದುಡ್ಡು. ನಾನು ಲಕೋಟೆ ತೆಗೆದುಕೊಂಡೆ. ಇಪ್ಪತ್ತು ಹೆಜ್ಜೆ ನಡೆದು ಜಯಮ್ಮನಿಗೆ ಕೊಟ್ಟೆ. ಆ ಇಪ್ಪತ್ತು ಹೆಜ್ಜೆಯಲ್ಲಿ ಎಲ್ಲವನ್ನೂ ಸರಿಮಾಡಬಹುದಿತ್ತು. ಬ್ಯಾಂಕಿನವರ ಮಾತನ್ನಾದರೂ ಹೇಳಿದೆನೇ — ನೆನಪಿಲ್ಲ. ಹೇಳಿದ್ದರೂ ಯಾರೂ ನಂಬದ ಹಾಗೆ ಹೇಳಿರುತ್ತೇನೆ.

ಜಯಮ್ಮ ಎಣಿಸಿ ನೋಡಿದಳು. "ನೋಡ್ದಾ, ಸರಿಯಾಗಿ ಅಷ್ಟೇ. ತಿಂದಿಲ್ದಿದ್ರೆ ಯಾಕೆ ಕೊಡ್ತಿದ್ಲು?" ಎಂದಳು. ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ನೀನು ತಿಂದಿಲ್ಲ ಎಂದು ಯಾರಾದರೂ ಹೇಳಲಿ ಎಂದು ಕಾದಿದ್ದವಳ ಹಾಗೆ ನನ್ನ ಮುಖ ನೋಡಿದಳು. ಹಾಗೆ ನೋಡಿದಳು ಎಂದು ನಾನು ಆಮೇಲೆ ಸೇರಿಸಿಕೊಂಡಿರಬಹುದು. ನಾನು ಮಾತಾಡಲಿಲ್ಲ ಎಂಬುದು ಸೇರಿಸಿಕೊಂಡದ್ದಲ್ಲ.

ನೀನು ಒಳ್ಳೆಯ ಮನಸ್ಸಿನಿಂದ ಕೊಟ್ಟ ದುಡ್ಡೇ ನಿನ್ನ ಮೇಲಿನ ಸಾಕ್ಷಿಯಾಯಿತು, ಅದನ್ನು ಹೊತ್ತು ತಂದವಳು ನಾನು.

ಆಮೇಲಿನ ವರ್ಷಗಳಲ್ಲಿ ಜಯಮ್ಮ ಕಣದಲ್ಲಿ ನಡೆಯುವಾಗ ಗುನುಗುತ್ತಿದ್ದಳು. ಹಳೆಯದೇ, ಎಂಟು ಮೆಟ್ಟಿಲು ಹತ್ತಿ ಮೂರು ಇಳಿಯುವುದು. ಆದರೆ ಈಗ ಅಲ್ಲಿ ನಿಲ್ಲುತ್ತಿರಲಿಲ್ಲ. ಮುಂದೆ ಹೋಗುತ್ತಿತ್ತು, ವಾಪಸ್ ಕಳಿಸಿದ ಪೆಟ್ಟಿಗೆಯ ಹಾಡು ಹೋದ ದಾರಿಯಲ್ಲೇ, ಕೊನೆಯ ಸ್ವರ ತಡವಾಗಿ ಬರುವವರೆಗೆ. ಹಾಗಾದರೆ ಅದು ಸರಿಯಾದ ಪೆಟ್ಟಿಗೆಯೇ ಆಗಿತ್ತೋ, ಮಂಚದ ಕೆಳಗಿನ ಮಗು ನಿದ್ದೆ ಹೋದ ಮೇಲೆ ಹಾಡು ಮುಂದುವರಿಯುತ್ತಿತ್ತೋ. ಅಥವಾ ಒಂದೆರಡು ಸಲ ಕೇಳಿದ ತಪ್ಪು ಹಾಡು ಅವಳ ಹಳೆಯ ಹಾಡನ್ನು ತಿಂದುಹಾಕಿತೋ. ಒಂದು ದಿನ ಕೇಳಿಯೇಬಿಟ್ಟೆ, "ಜಯಕ್ಕ, ಇದು ಆ ಪೆಟ್ಟಿಗೆ ಹಾಡಲ್ವಾ?" ಅವಳು ಹಲುಬೆ ನಿಲ್ಲಿಸದೆ, "ಯಾವ ಪೆಟ್ಟಿಗೆ" ಎಂದಳು. ಅವಳು ಮರೆತಿರಲಿಲ್ಲ. ಆ ಮಾತು ಎತ್ತಬೇಡ ಎಂದದ್ದು. ಬುಟ್ಟಿಯನ್ನು ಅವಳು ಮತ್ತೆ ಯಾರಿಗೂ ಬೋರಲು ಹಾಕಲಿಲ್ಲ.

ಹೋದ ವರ್ಷ ಹೂವು ಬರುವ ಮೊದಲು ಜಯಮ್ಮ ತೀರಿಕೊಂಡಳು. ನೀನು ಮಣ್ಣಿಗೆ ಬಂದಿದ್ದೆ. ದೂರದಲ್ಲಿ, ಸಿಲ್ವರ್ ಓಕ್ ಮರದ ಹತ್ತಿರ ನಿಂತಿದ್ದೆ. ಹತ್ತಿರ ಬಾ ಎಂದು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಈ ವಾರ ಕಣದ ಹೆಂಗಸರನ್ನು ಮೂರು ಗಂಟೆಗೆ ಕೂರಿಸಿ ಹೇಳಿದೆ. ಚೀಟಿ ತೋರಿಸಿದೆ. ಎಂಬತ್ತೇಳು, ಎಂಬತ್ತು, ಬ್ಯಾಂಕಿನ ಪಾಲು, ನನ್ನ ಬೆರಳು, ನಾನು ಆಡಿದ 'ಬರಬೇಕು', ಲಕೋಟೆ, ಎಲ್ಲವನ್ನೂ. ಇದನ್ನು ಅರ್ಥ ಮಾಡಿಸಲು ತುಂಬ ಹೊತ್ತು ಬೇಕಾಗುತ್ತದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ರತ್ನ ಎಂಬ ಹೆಂಗಸು, ಜಯಮ್ಮನ ಜಾಗದಲ್ಲಿ ಈಗ ಹಲುಬೆ ಹಿಡಿಯುವವಳು, ಚೀಟಿಯನ್ನು ಕೈಗೂ ತೆಗೆದುಕೊಳ್ಳಲಿಲ್ಲ.

"ದುಡ್ಡಿಗೂ ಔಟ್‌ಟರ್ನ್ ಐತೆ ಅನ್ನಿ. ಮೂಟೆ ಹೋದಂಗೆ ಬರಲ್ಲ, ದುಡ್ಡೂ ಹೋದಂಗೆ ಬರಲ್ಲ. ಅಷ್ಟೇ ತಾನೆ?" ಎಂದಳು. ಆಮೇಲೆ ಲೋಟ ಕೆಳಗಿಟ್ಟು, "ಅವತ್ತೇ ಹೇಳಿದ್ರೆ ಜಯಕ್ಕಂಗೆ ಅರ್ಥ ಆಗ್ತಿರ್ಲಿಲ್ವಾ ಸುನಂದಕ್ಕ? ನಲವತ್ತು ವರ್ಷ ಕಾಫಿ ಹರವಿದೋಳು" ಎಂದಳು.

ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬೊಬ್ಬರೇ ಎದ್ದು ಕಣಕ್ಕೆ ಹೋದರು.

ಅರ್ಧ ನಿಮಿಷದ ಮಾತು. ದಿನಕ್ಕೆ ಇಪ್ಪತ್ತು ಸಲ ಚೀಟಿಯಲ್ಲಿ ಬರೆಯುವ ಮಾತನ್ನು ನಾನು ಅವಳಿಗೆ ಹೇಳಲಿಲ್ಲ.

ಬರುವ ಶನಿವಾರ ಸಕಲೇಶಪುರಕ್ಕೆ, ನಿನ್ನ ಮನೆಗೆ ಬರುತ್ತೇನೆ. ಚೀಟಿ ತರುತ್ತೇನೆ, ಸಾವಿರದ ಅರವತ್ತು ತರುತ್ತೇನೆ. ದುಡ್ಡು ತೆಗೆದುಕೊಳ್ಳದಿದ್ದರೆ ಅದು ನಿನ್ನ ಇಷ್ಟ. ಬಾಗಿಲು ತೆಗೆಯದಿದ್ದರೂ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ನಾನು ಹೇಳಬೇಕಾದದ್ದನ್ನು ನಿನ್ನ ಬೀದಿಯಲ್ಲಿ, ನಿನ್ನ ಅಕ್ಕಪಕ್ಕದವರಿಗೆ ಕೇಳುವಷ್ಟು ಜೋರಾಗಿ ಹೇಳಲು ಬರುತ್ತಿದ್ದೇನೆ.

ಒಂದು ಮಾತ್ರ ನನ್ನ ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ಅವತ್ತು ಪುಟದ ಮೇಲೆ ಎರಡು ಚೌಕ ಬಂದಾಗ ನೀನು ಕಾರ್ಡು ಹಿಡಿದು ನನ್ನ ಹಿಂದೆಯೇ ನಿಂತಿದ್ದೆ. ನಿನ್ನ ಉಸಿರು ನನ್ನ ಭುಜಕ್ಕೆ ತಾಗುತ್ತಿತ್ತು. ನನ್ನ ಬೆರಳು ಯಾವುದರ ಮೇಲೆ ಬಿತ್ತು ಎಂದು ನೀನು ನೋಡಿದ್ದೆಯೋ, ನೋಡಿಯೂ ಇಷ್ಟು ವರ್ಷ ಯಾರ ಮುಂದೆಯೂ ನನ್ನ ಹೆಸರು ಎತ್ತದೆ ಇದ್ದೆಯೋ — ಅದು ನನಗೆ ಗೊತ್ತಿಲ್ಲ.